ಅಕ್ಷರಗಳ ಹೊಟ್ಟೆ ಕರಗಿಸಿದ ಮಹದೇವು

ಬೆಳಗಿನ ಆರು ಗಂಟೆ. ಲಷ್ಕರ್ ಮೊಹಲ್ಲಾದ ತಮ್ಮ ಮನೆಯ ಜಗಲಿಯ ಮೇಲೆ ಮಹದೇವು ಕಾಲು ಚಾಚಿ ಕೂತು, ಪಾದಗಳ ನಡುವೆ ಹಲಸಿನ ಹಲಗೆ ಒತ್ತಿ ಹಿಡಿದು ಉಳಿಯಿಂದ ‘ಳ’ ಕೆತ್ತುತ್ತಿದ್ದಾರೆ. ಅಕ್ಷರ ತಿರುಗುಮುರುಗಾಗಿದೆ; ಮಸಿ ಹಚ್ಚಿ ಕಾಗದಕ್ಕೆ ಒತ್ತಿದಾಗಲೇ ಅದು ನೆಟ್ಟಗಾಗುವುದು. ಇಪ್ಪತ್ತು ವರ್ಷ ಹೀಗೆ ಕೆತ್ತಿದವರಿಗೆ ಈಗ ನೆಟ್ಟಗಿರುವ ಅಕ್ಷರದ ಮೇಲೇ ಅನುಮಾನ. ಮೊಮ್ಮಗಳ ಸ್ಲೇಟಿನ ಮೇಲಿದ್ದ ‘ಳ’ವನ್ನು ತಪ್ಪೆಂದು ಅಳಿಸಿದ್ದರಂತೆ. “ಮೇಷ್ಟ್ರು ಮನೆಗೇ ಬಂದ್ಬುಟ್ಟಿದ್ರು,” ಎನ್ನುತ್ತಾರೆ ಹೆಂಡತಿ ಬೆಟ್ಟಮ್ಮ.

ನಮ್ಮೂರಿನ ನಾಟಕದ ಪೋಸ್ಟರುಗಳಲ್ಲಿ ಎತ್ತರಕ್ಕೆ, ಇಕ್ಕಟ್ಟಾಗಿ, ತಲೆಗೂ ಕಾಲಿಗೂ ಚೌಕ ಪಟ್ಟಿ ಕಟ್ಟಿಕೊಂಡು ನಿಂತ ದಪ್ಪ ಅಕ್ಷರಗಳಿವೆಯಲ್ಲ, ಅವು ಇವರವು. ಒಕ್ಕಲು ಮನೆತನದ ಮಹದೇವು ಬಂಡಿಯ ಚಕ್ರ ಮಾಡುವುದನ್ನು ಕಲಿತು ಪಟ್ಟಣಕ್ಕೆ ಬಂದವರು. ದಿನಕ್ಕೆ ಎರಡು ಅಕ್ಷರ, ಒತ್ತಕ್ಷರವಾದರೆ ಒಂದೇ. ಎಡಗೈ ಬೆರಳುಗಳಲ್ಲಿ ಉಳಿ ತಾಗದ ಬೆರಳಿಲ್ಲ.

ಈ ಅಕ್ಷರ ಹುಟ್ಟಿದ್ದು ಐವತ್ತೆಂಟನೇ ಇಸವಿಯಲ್ಲಿ, ಒಂದು ಜಗಳದಿಂದ. ಊರಿಗೆ ಬಂದ ನಾಟಕ ಕಂಪನಿಯಲ್ಲಿ ಹುಚ್ಚಣ್ಣ ಹಾಸ್ಯಗಾರ, ಸರ್ವಮಂಗಳಾದೇವಿ ನಾಯಕಿ. ಪೋಸ್ಟರಿನಲ್ಲಿ ಮೂರಕ್ಷರದ ಹುಚ್ಚಣ್ಣ ಕಾಗದದ ತುಂಬ ದೊಡ್ಡದಾಗಿ ಕೂತಿದ್ದ. ಏಳಕ್ಷರದ ನಾಯಕಿ ಅದೇ ಅಗಲದಲ್ಲಿ ಇರುವೆ ಸಾಲಿನಂತಾಗಿದ್ದರು. ಆಕೆ ನೇರ ಪೋಸ್ಟರು ಅಚ್ಚು ಹಾಕಿದ್ದ ಶಿವರುದ್ರಪ್ಪನವರ ಪ್ರೆಸ್ಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. “ನನ್ನ ಹೆಸರೂ ಅಷ್ಟೇ ಎತ್ತರ ಇರಬೇಕು. ಇಲ್ಲದಿದ್ದರೆ ಶನಿವಾರ ಬಣ್ಣ ಹಚ್ಚೋದಿಲ್ಲ.”

ಶನಿವಾರದ ಟಿಕೆಟೆಲ್ಲ ಮಾರಿಹೋಗಿತ್ತು. ಕಾಗದ ಅಗಲವಾಗುವುದಿಲ್ಲ, ಹೆಸರು ಗಿಡ್ಡವಾಗುವುದಿಲ್ಲ. ಶಿವರುದ್ರಪ್ಪ ಮಹದೇವುಗೆ ಹೇಳಿ ಕಳಿಸಿದರು.

“ನಮ್ ಅಕ್ಷರಗಳಿಗೆಲ್ಲಾ ಹೊಟ್ಟೆ ಜಾಸ್ತಿ ಕಣ್ರೀ,” ಎನ್ನುತ್ತಾರೆ ಮಹದೇವು. “ಹೊಟ್ಟೆ ಒಳಕ್ಕೆ ಎಳ್ಕೊಂಡು ನೆಟ್ಟಗೆ ನಿಂತ್ಕಳಿ ಅಂದೆ. ನಿಂತ್ಕಂಡ್ವು.”

ನಾಲ್ಕು ದಿನದಲ್ಲಿ ಏಳೂ ಅಕ್ಷರ ಸಿದ್ಧವಾದವು. ಇನ್ನೆರಡೂವರೆ ದಿನದಲ್ಲಿ, ಸಮಾನವಾಗಿರಲೆಂದು, ಹುಚ್ಚಣ್ಣನ ಹೆಸರನ್ನೂ ಅದೇ ಅಚ್ಚಿನಲ್ಲಿ ಕೆತ್ತಿಕೊಟ್ಟರು. ಪೋಸ್ಟರು ಗೋಡೆಗೇರಿತು. ನಾಯಕಿ ನೋಡಿ ನಕ್ಕರು. ಅರ್ಧ ಗಂಟೆಯೊಳಗೆ ಹುಚ್ಚಣ್ಣ ಪ್ರೆಸ್ಸಿಗೆ ಬಂದ. ಅವನ ಹೆಸರೀಗ ಅರ್ಧ ಸಾಲಿಗೇ ಮುಗಿದಿತ್ತು. ಎರಡೂ ಕಡೆ ಬರೀ ಬಿಳಿ ಕಾಗದ. ತಾನು ಬಡಕಲಾಗಿ ಕಾಣುತ್ತೇನೆ, ಬಣ್ಣ ಹಚ್ಚುವುದಿಲ್ಲ ಎಂದು ಅದೇ ಕುರ್ಚಿಯಲ್ಲಿ ಕೂತ.

ಶಿವರುದ್ರಪ್ಪ ತಲೆ ಹಿಡಿದುಕೊಂಡರು. ಮಹದೇವು ಖಾಲಿ ಜಾಗಕ್ಕೆ ಗೇಣು ಹಾಕಿ ಅಳೆದು, ಹೆಸರಿಗೆ ಮೊದಲು ಇನ್ನೂ ನಾಲ್ಕಕ್ಷರ ಹಿಡಿಸುತ್ತದೆ ಎಂದರು. ಹಳೆಯ ಮರದಚ್ಚುಗಳಲ್ಲಿ ಆ ಎತ್ತರಕ್ಕೂ ಅಗಲಕ್ಕೂ ಹೊಂದಿ ಸಿಕ್ಕಿದ್ದು ‘ನಟರಾಜ’. ಹುಚ್ಚಣ್ಣ ಎದ್ದು ಹೋಗಿ ಬಣ್ಣ ಹಚ್ಚಿದ. ಈಗ ಊರೂರಲ್ಲಿ ಅವನು ನಟರಾಜ ಹುಚ್ಚಣ್ಣ. ಬಿರುದು ಅರಮನೆಯವರು ಕೊಟ್ಟಿದ್ದೆಂದು ಹೇಳಿಕೊಳ್ಳುತ್ತಾನಂತೆ. ಮಹದೇವು ಅದನ್ನು ತಿದ್ದಲು ಹೋಗಿಲ್ಲ.

ಪೋಸ್ಟರಿನ ಕೆಳಗೆ ಪ್ರೆಸ್ಸಿನ ಹೆಸರಿರುತ್ತದೆ, ಇವರದಿಲ್ಲ. ಬೇಸರವಿಲ್ಲವೇ ಎಂದು, ಆಮೇಲೆ ಅವರ ಜೊತೆ ಮಾರ್ಕೆಟ್ಟಿನ ಹತ್ತಿರ ನಡೆಯುವಾಗ ಕೇಳುತ್ತೇನೆ. ರಸ್ತೆಯ ಎದುರು ಬದಿಯನ್ನು ಕಣ್ಣಲ್ಲೇ ತೋರಿಸುತ್ತಾರೆ. ಅಲ್ಲೊಬ್ಬ ಮುದುಕ ನಿಂತಲ್ಲೇ ನಿಂತು, ನಮ್ಮ ಪಕ್ಕದ ಗೋಡೆಯ ಪೋಸ್ಟರನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಾನೆ.

“ನೋಡಿದ್ರಾ,” ಎನ್ನುತ್ತಾರೆ ಮಹದೇವು, “ರಸ್ತೆ ದಾಟ್ಲೇ ಇಲ್ಲ.”