ಮೀನಾಳ ನಂತರದ ಹೊನ್ನೂರಸ್ವಾಮಿ ಸರ್

ಒಂದು ಮಗ್ಗುಲ ಕೈಕಾಲಿನ ಶಕ್ತಿ ಕುಂದಿದ ಮಕ್ಕಳನ್ನು ಸಮತೋಲದಿಂದ ನಿಲ್ಲಿಸಿ ನಡೆಸುವ ವಿದ್ಯೆಯನ್ನು ಬಳ್ಳಾರಿ ಸೀಮೆಯ ತಾಯಂದಿರಿಗೆ ಅವರದೇ ಮಾತಿನಲ್ಲಿ ತಿಳಿಸಿಕೊಟ್ಟ ಹಿರಿಯರಲ್ಲಿ ಶ್ರೀ ಹೊನ್ನೂರಸ್ವಾಮಿಯವರು ಒಬ್ಬರು. ಕುರುಗೋಡಿನಲ್ಲಿ ಹುಟ್ಟಿ ಬೆಳೆದ ಅವರು 1993ರಲ್ಲಿ ಬಳ್ಳಾರಿಯ ನಮ್ಮ ಚಿಕಿತ್ಸಾ ಕೇಂದ್ರಕ್ಕೆ ಫಿಸಿಯೋಥೆರಪಿಸ್ಟ್ ಆಗಿ ಸೇರಿ, ನಡುವೆ ಎಂಟು ತಿಂಗಳು ಬಿಟ್ಟರೆ ಮೂವತ್ತೆರಡು ವರ್ಷವೂ ಮಕ್ಕಳ ಕೊಠಡಿಯಲ್ಲೇ ದುಡಿದು, ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಿಷ್ಯೆಯಾದ ನನಗೆ ಅವರ ಕುರಿತು ಬರೆಯುವ ಅವಕಾಶ ಒದಗಿದ್ದು ಭಾಗ್ಯವೇ ಸರಿ. ಆದರೆ ಅನುಮತಿ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ:

“ಮೀನಾನ ಬಗ್ಗೆ ಬರೆಯಂಗಿದ್ರ ಬರಿ ತಬಸ್ಸುಮ್. ಆಕಿನ್ನ ಬಿಟ್ಟು ನನ್ನ ಹೊಗಳಾದಾದ್ರ ಬ್ಯಾಡ.”

ಆದ್ದರಿಂದ ಇಂಥ ಅಭಿನಂದನಾ ಗ್ರಂಥಕ್ಕೆ ಒಗ್ಗದ ಒಂದು ಸಾವಿನ ಸಂಗತಿಯನ್ನು ಬರೆಯುತ್ತಿದ್ದೇನೆ. ಓದುಗರು ಕ್ಷಮಿಸಬೇಕು.

ನಾನು ಕೇಂದ್ರಕ್ಕೆ ಬಂದದ್ದು 2012ರಲ್ಲಿ. ಜೀನ್ಸ್ ಹೊಲಿಯುವ ಖಾದರಸಾಬರ ಮಗಳು ನಾನು, ಮನೆಯಲ್ಲಿ ಮೊದಲು ಓದಿ ನೌಕರಿಗೆ ಸೇರಿದವಳು, ತಪ್ಪಾದೀತೆಂಬ ಅಂಜಿಕೆಯಲ್ಲೇ ದಿನ ಕಳೆಯುತ್ತಿದ್ದೆ. ಆ ವರ್ಷದ ರಂಜಾನಿನಲ್ಲಿ ನಾನು ಉಪವಾಸವಿದ್ದಾಗ ಮಕ್ಕಳನ್ನು ಎತ್ತಿ ನಿಲ್ಲಿಸುವ ಕೆಲಸವನ್ನೆಲ್ಲ ಸರ್ ಒಂದು ಮಾತೂ ಆಡದೆ ತಮ್ಮ ಮೇಲೆ ಹಾಕಿಕೊಂಡು, ನನಗೆ ಕೂತು ಮಾಡಿಸುವ ಬೆರಳಿನ ವ್ಯಾಯಾಮಗಳನ್ನು ಮಾತ್ರ ಬಿಟ್ಟುಕೊಟ್ಟರು. ಹಬ್ಬ ಮುಗಿದ ಮೇಲಷ್ಟೇ ಅದು ನನಗೆ ಹೊಳೆಯಿತು.

ಮರುವರ್ಷ ಸಿರುಗುಪ್ಪದ ಶಿಬಿರಕ್ಕೆ ದೇಶನೂರಿನ ಉಚ್ಚೆಂಗೆಮ್ಮ ಐದು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ತಂದಳು. ಆ ಮಗುವೇ ಮೀನಾ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಎಡಗೈ ಎದೆಗೆ ಮಡಚಿಕೊಂಡಿತ್ತು, ಎಡಗಾಲು ತುದಿಬೆರಳ ಮೇಲೆ ನಿಲ್ಲುತ್ತಿತ್ತು. “ಲಕ್ವಾ ಅಂತಾರ್ರಿ ಎಲ್ಲಾರು. ಈಕಿ ನಡಿಯಂಗಿಲ್ಲಂತ,” ಎಂದಳು ತಾಯಿ. ಸರ್ ಭರವಸೆ ಕೊಡಲಿಲ್ಲ. “ಹದಿನೈದು ದಿನಕ್ಕೊಮ್ಮಿ ತಪ್ಪದ ಬರ್ರಿ. ಉಳಿದ ದಿನ ಮನ್ಯಾಗ ನೀವ ಮಾಡಸ್ರಿ,” ಎಂದರು.

ಎರಡೂವರೆ ವರ್ಷ ಆಕೆ ಒಂದು ಶಿಬಿರವನ್ನೂ ತಪ್ಪಿಸಲಿಲ್ಲ. ಎಡಗಾಲನ್ನು ನಂಬದ ಮಗು ಇಡೀ ಭಾರವನ್ನು ಬಲಗಾಲಿಗೇ ಹಾಕುತ್ತದೆ. ಆ ಅಪನಂಬಿಕೆಯನ್ನು ಕಳೆಯುವುದೇ ನಮ್ಮ ಕೆಲಸ. ಮೀನಾಳ ಎಡಬದಿಯ ಗೂಟಕ್ಕೆ ಸರ್ ಶೇಂಗಾ ಉಂಡೆಯ ಪೊಟ್ಟಣ ನೇತು ಹಾಕುತ್ತಿದ್ದರು. ಎಡಕ್ಕೆ ವಾಲಿ, ಆ ಕಾಲ ಮೇಲೆ ಭಾರ ಬಿಟ್ಟರೆ ಮಾತ್ರ ಅದು ಕೈಗೆಟುಕುತ್ತಿತ್ತು. ಬಲಗಾಲನ್ನು ಮಣೆಯ ಮೇಲಿಡುವುದು, ಮೆತ್ತನೆಯ ಹಾಸಿನ ಮೇಲೆ ನಿಲ್ಲುವುದು, ನೆಲಕ್ಕೆ ಎಳೆದ ಗೆರೆಯ ಮೇಲೆ ನಡೆಯುವುದು ಒಂದೊಂದಾಗಿ ಬಂದವು. ಏಳೂವರೆ ವರ್ಷಕ್ಕೆ ಅವಳು ಎಂಟು ಎಣಿಸುವವರೆಗೆ ಎಡಗಾಲಿನ ಮೇಲೆ ಒಬ್ಬಳೇ ನಿಂತು, “ಸರ, ನಾ ಬೀಳ್ಳಿಲ್ಲ ನೋಡ್ರಿ!” ಎಂದು ಕೂಗಿದಳು. ಪಾದಕ್ಕೆ ಆಸರೆಯಾಗುವಂತೆ ಕೇಂದ್ರದಿಂದ ಕೊಟ್ಟ ಬೂಟು ಹಾಕಿಕೊಂಡು ಒಬ್ಬಳೇ ಶಾಲೆಗೆ ಹೋಗತೊಡಗಿದಳು.

2015ರ ನವೆಂಬರಿನ ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಮೀನಾ ಬತ್ತದ ಕೊಯ್ಲಿಗೆ ಹೋಗಿದ್ದ ತಾಯಿಯನ್ನು ಹುಡುಕಿಕೊಂಡು ಕಾಲುವೆಯ ದಂಡೆ ಹಿಡಿದು ನಡೆದಳು. ಕೆಸರಾದೀತೆಂದು ಬೂಟನ್ನು ಮನೆಯಲ್ಲೇ ಬಿಚ್ಚಿಟ್ಟಿದ್ದಳು. ಇಳಿಜಾರಿನಲ್ಲಿ ಎಡಗಾಲು ಜಾರಿತು. ಮುಂದಿನ ತೂಬಿನ ಬಳಿ ಊರವರು ಅವಳನ್ನು ಮೇಲೆತ್ತುವಾಗ ಉಸಿರಿರಲಿಲ್ಲ.

ಮರುದಿನ ಸರ್ ಮತ್ತು ನಾನು ಬಸ್ಸಿನಲ್ಲಿ ದೇಶನೂರಿಗೆ ಹೋದೆವು. ಅಂಗಳದಲ್ಲಿ ಹೆಂಗಸರ ನಡುವೆ ಕೂತಿದ್ದ ಉಚ್ಚೆಂಗೆಮ್ಮ ಸರ್ ಅವರನ್ನು ಕಂಡೊಡನೆ ಎದ್ದು ನಿಂತಳು.

“ನೀವು ನಡ್ಯಾಕ ಕಲಸದಿದ್ರ ನನ್ನ ಮಗಳು ಮನ್ಯಾಗ ಕುಂತಿರ್ತಿದ್ಲು. ಜೀವ ಇರ್ತಿತ್ತು.”

ಯಾರೋ ಆಕೆಯ ತೋಳು ಹಿಡಿದರು. ಸರ್ ಮಾತ್ರ, “ಬಿಡ್ರಿ, ಆಕಿ ಮಾತಾಡ್ಲಿ,” ಎಂದು ನೆಲದ ಮೇಲೆ ಕುಳಿತರು. ಆಮೇಲೆ ಕಾಲುವೆಯ ತನಕ ಹೋಗಿ ಆ ದಂಡೆಯ ಮೇಲೆ ತಾವೇ ನಡೆದು ನೋಡಿದರು. ಹಿಂದಿರುಗುವ ಬಸ್ಸಿನಲ್ಲಿ ಅವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ನಾ ಕಲಸಿದ್ದು ಟೈಲ್ಸ್ ನೆಲದ ಮ್ಯಾಲ. ಆಕಿ ಇರಾ ಊರಿನ ನೆಲ ಹೆಂಗೈತಿ ಅಂತ ಎರಡೂವರೆ ವರ್ಷದಾಗ ಒಂದಿನಾನೂ ಕೇಳಲಿಲ್ಲಮ್ಮ.”

ವಾರದೊಳಗೆ ಅವರು ಬೇಡಿಕೊಂಡು ವಯಸ್ಕರ ವಿಭಾಗಕ್ಕೆ ಹೋದರು. ಮಕ್ಕಳ ಕೊಠಡಿ ನನ್ನ ಪಾಲಿಗೆ ಬಂತು. ಎದುರಾದಾಗ ಕುಶಲ ಕೇಳುವರು, ಆದರೆ ಆ ಬಾಗಿಲೊಳಗೆ ಕಾಲಿಡಲಿಲ್ಲ. ಅವರ ಮನಸ್ಸು ಮುರಿದಿದೆಯೆಂದೇ ನಾವೆಲ್ಲ ತಿಳಿದೆವು.

ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಉಚ್ಚೆಂಗೆಮ್ಮ ಬಳ್ಳಾರಿಗೆ ಬಂದಳು, ಕೈಯಲ್ಲಿ ಬಟ್ಟೆಯ ಚೀಲ. ನಾನೇ ಸರ್ ಬಳಿಗೆ ಕರೆದೊಯ್ದೆ. ಆಕೆ ಕುಳಿತುಕೊಳ್ಳಲಿಲ್ಲ. ಚೀಲದಿಂದ ಒಂದು ಜೊತೆ ಬೂಟು ತೆಗೆದು ಮೇಜಿನ ಮೇಲಿಟ್ಟಳು. ತೊಳೆದು ಒಣಗಿಸಿದ್ದಳು.

“ಅವತ್ತು ಆಡಿದ ಮಾತು ಹಿಂದಕ್ಕ ತಗಳಾಕ ಬಂದಿಲ್ರಿ ಸರ. ಅದು ನನ್ನ ಹೊಟ್ಟಿಯಾಗ ಹಂಗ ಐತಿ. ಆದ್ರ ಇವನ್ನ ನೋಡಿಕೊಂತ ಮನ್ಯಾಗ ಇರಾಕ ಆಗವಲ್ದು. ಯಾವ್ದಾರ ಕೂಸಿಗೆ ಹಾಕ್ರಿ.”

ಸರ್ ಬೂಟು ಎತ್ತಿಕೊಂಡರು. “ಹಾಕ್ತೀನಮ್ಮ,” ಎಂದರು. ಬಾಗಿಲ ಬಳಿ ಆಕೆ ತಿರುಗಿದಳು. “ಹಾಕೋ ಮುಂದ ಆ ಕೂಸಿನ ಮನಿ ನೋಡಿ ಬರ್ರಿ,” ಎಂದು ಹೊರಟುಹೋದಳು.

ಮುಂದಿನ ಸೋಮವಾರ ಅವರು ಮಕ್ಕಳ ಕೊಠಡಿಗೆ ಮರಳಿದರು. ಆ ಬೂಟು ಕುರುಗೋಡಿನ ಸರೋಜಾ ಎಂಬ ಮಗುವಿನ ಅಳತೆಗೆ ಹೊಂದಿತು. ಕೊಡುವ ಮುನ್ನ ಅವಳ ಮನೆಗೆ ಹೋಗಿ, ನಲ್ಲಿಗೆ ಇಳಿಯುವ ಏಳು ಒರಟು ಕಲ್ಲು ಮೆಟ್ಟಿಲುಗಳನ್ನು ಅಳೆದು ಬರೆದುಕೊಂಡರು. ಹಾಗೆಯೇ ಏರುಪೇರಾದ ಮೆಟ್ಟಿಲುಗಳನ್ನೂ ಮಣ್ಣು ತುಂಬಿದ ಇಳಿಜಾರನ್ನೂ ಕೇಂದ್ರದ ಹಿತ್ತಿಲಲ್ಲಿ ಕಟ್ಟಿಸಿದರು. ಬೀಳುವುದು ಹೇಗೆ, ಬಿದ್ದ ಮೇಲೆ ಏಳುವುದು ಹೇಗೆ ಎಂಬುದನ್ನು ನಡಿಗೆಗಿಂತ ಮೊದಲು ಕಲಿಸತೊಡಗಿದರು. ಮನೆ ನೋಡದೆ ಯಾವ ಮಗುವನ್ನೂ ಒಂಟಿಯಾಗಿ ನಡೆಯಲು ಬಿಡಬಾರದೆಂಬ ನಿಯಮ ಅವರು ಹಾಕಿದ್ದು. ಕಳೆದ ಒಂಬತ್ತು ವರ್ಷಗಳಲ್ಲಿ ನಾವು ನೋಡಿದ ಮನೆಗಳು ನಾನೂರಕ್ಕೂ ಹೆಚ್ಚು. ಸರೋಜಾ ಈಗ ಹೈಸ್ಕೂಲಿಗೆ ನಡೆದೇ ಹೋಗುತ್ತಾಳೆ. ಇದನ್ನು ಯಾರಾದರೂ ಅವರ ಸಾಧನೆಯೆಂದರೆ ಅವರು ಎದ್ದು ಹೊರಗೆ ಹೋಗುತ್ತಾರೆ.

ನಿವೃತ್ತಿಯ ನಂತರವೂ ಸಿರುಗುಪ್ಪದ ಶಿಬಿರಕ್ಕೆ ಬರುವುದಾಗಿ ಅವರು ಒಪ್ಪಿರುವುದು ನಮ್ಮ ಪುಣ್ಯ. ಪೂಜ್ಯ ಗುರುಗಳಿಗೆ ದೀರ್ಘ ಆಯುಸ್ಸು, ಗದ್ದೆಯ ಬದುವಿನ ಮೇಲೂ ಕುಂದದ ಕಾಲಿನ ಕಸುವು ದೊರೆಯಲೆಂದು ಬೇಡುತ್ತೇನೆ. ಮರೆವನ್ನು ಅವರಿಗೆ ಹಾರೈಸುವ ಧೈರ್ಯ ನನಗಿಲ್ಲ, ಅವರಿಗದು ಬೇಕಾಗಿಯೂ ಇಲ್ಲ. ಆ ನೋವು ಅವರಲ್ಲಿ ಇದ್ದುಕೊಂಡೇ, ರಾತ್ರಿಯ ನಿದ್ದೆಯನ್ನಾದರೂ ಅವರಿಗೆ ಬಿಟ್ಟುಕೊಡಲಿ.