ಮೇಡಂ ಹೊಲಿಗೆ, ಸಾರ್ ಹೊಲಿಗೆ

ಹೊನ್ನಾಳಿಯ ನರ್ಸಿಂಗ್ ಹೋಮೊಂದರ ಆಪರೇಷನ್ ಥಿಯೇಟರಿನಲ್ಲಿ ನಾನು ನರ್ಸು. ಸಿಸೇರಿಯನ್ ಮಾಡುವ ಡಾಕ್ಟರು ಇಬ್ಬರು. ಅವರ ಕೈಗೆ ಕತ್ತರಿ, ಸೂಜಿ ಕೊಡುವವಳು ನಾನೊಬ್ಬಳೇ. ಹಾಗಾಗಿ ಯಾರ ಕೈ ಎಂಥದು ಎಂದು ತೀರ್ಪು ಕೊಡುವ ಕೆಲಸವನ್ನೂ ನಾನೇ ವಹಿಸಿಕೊಂಡಿದ್ದೆ.

ಮೇಡಂ ಹಿರಿಯರು. ಒಂದೊಂದೇ ಪದರವನ್ನು ಬ್ಲೇಡಿನಲ್ಲಿ ನಿಧಾನಕ್ಕೆ ಬಿಡಿಸುತ್ತಾರೆ. ಮಗು ತೆಗೆದ ಮೇಲೆ ಗರ್ಭಕೋಶವನ್ನು ಹೊಟ್ಟೆಯ ಮೇಲೆ ಎತ್ತಿಟ್ಟುಕೊಂಡು ಎರಡು ಸಾಲು ಹೊಲಿಗೆ. ಆಮೇಲೆ ಹೊಟ್ಟೆಯ ಒಳಪದರಕ್ಕೂ ಹೊಲಿಗೆ. ಕೌದಿ ಹೊಲಿಯುವವರ ತಾಳ್ಮೆ. ಸಾರ್ ಕಿರಿಯರು. ಬ್ಲೇಡಿಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಚೂರು ಕೊಯ್ದು, ಉಳಿದದ್ದನ್ನು ಬೆರಳುಗಳಿಂದ ಎಳೆದು ಅಗಲಿಸುತ್ತಾರೆ. ಗರ್ಭಕೋಶವನ್ನು ಇದ್ದಲ್ಲೇ ಹೊಲಿಯುತ್ತಾರೆ. ಒಳಪದರವನ್ನು ಹಾಗೇ ಬಿಡುತ್ತಾರೆ.

“ಬಾಗಿಲು ಹಾಕದೆ ಹೋಗ್ತೀರಲ್ರೀ ಸಾರ್,” ಎಂದು ನಾನು ಕೆಣಕುತ್ತಿದ್ದೆ.

“ಅದು ತಾನೇ ಹಾಕ್ಕೊಳ್ತೈತೆ ಸಿಸ್ಟರ್. ನಮ್ಮಿಬ್ಬರ ಪೇಷಂಟೂ ಒಂದೇ ಥರ ಎದ್ದು ಓಡಾಡ್ತಾರಲ್ಲ, ನೋಡ್ರಿ,” ಎನ್ನುತ್ತಿದ್ದರು. ನೋಡಿದ್ದೆ. ಆದರೂ ಒಪ್ಪಲಿಲ್ಲ, ನಾನು ಮೊದಲಿಂದಲೂ ಮೊಂಡಿ.

ನಾನೇ ಬಸುರಿಯಾದಾಗ ಮೇಡಂ ಬಳಿ ತೋರಿಸಿಕೊಂಡೆ. “ಹೊಟ್ಟೆ ಕೊಯ್ಯೋ ಹಂಗಾದ್ರೆ ನಿಮ್ಮ ಕೈಯೇ ಆಗ್ಬೇಕು ಮೇಡಂ,” ಎಂದು ಸಾರ್ ಎದುರಿಗೇ ಹೇಳಿದೆ. ಪಾಪ, ಸಾರ್ ನಕ್ಕುಬಿಟ್ಟರು.

ಹೆರಿಗೆ ನೋವು ಶುರುವಾದ ದಿನ ಮೇಡಂ ನೆಂಟರ ಮದುವೆಗೆಂದು ಜಗಳೂರಿಗೆ ಹೋಗಿದ್ದರು. ಮಧ್ಯಾಹ್ನ ಮಗುವಿನ ಎದೆಬಡಿತ ಇಳಿಯತೊಡಗಿತು. ಅದರ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸಾರ್ ಬಂದು, “ಮೇಡಂ ಬರೋತನಕ ಕಾಯಾಕೆ ಆಗಲ್ಲ ಸಿಸ್ಟರ್. ನಾನೇ ಮಾಡ್ಲಾ?” ಎಂದರು. ನನ್ನ ಪಾಂಡಿತ್ಯವೆಲ್ಲ ಎತ್ತ ಹೋಯಿತೋ! “ಹೆಂಗಾದ್ರೂ ಮಾಡ್ರಿ ಸಾರ್, ಬೇಗ ಮಾಡ್ರಿ,” ಎಂದೆ.

ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಗೆ ಸೊಂಟದ ಕೆಳಗೆ ಮರಗಟ್ಟಿತ್ತು; ಎಳೆದದ್ದು ಮಾತ್ರ ಗೊತ್ತಾಯಿತು. ಅಷ್ಟು ದಿನ ಆಡಿಕೊಂಡಿದ್ದ ಆ ಬೆರಳುಗಳ ಅವಸರವನ್ನು ಮನಸಾರೆ ಹರಸಿದೆ. ಮಗು ಹೊರಬಂತು. ಅಳಲಿಲ್ಲ.

ಟೇಬಲ್ಲಿನ ಪಕ್ಕ ನಿಂತು ಕೆಲಸ ಮಾಡುವಾಗ, ಮಗು ಅಳುವತನಕದ ಆ ಹೊತ್ತು ಕಳೆದದ್ದೇ ನನಗೆ ತಿಳಿಯುತ್ತಿರಲಿಲ್ಲ. ಮಲಗಿದವಳಿಗೆ ಅದು ಮುಗಿಯುವುದೇ ಇಲ್ಲ. “ಯಾಕ್ರೀ ಅಳ್ತಿಲ್ಲ?” ಎಂದು ಕೂಗಿದೆ. ನಾನೇ ಕೆಲಸ ಕಲಿಸಿದ ಹೊಸ ನರ್ಸು ತಿರುಗಿಯೂ ನೋಡದೆ, “ಸುಮ್ನೆ ಮಲಗ್ರಿ,” ಎಂದಳು. ಥೇಟ್ ನನ್ನದೇ ದನಿ. ಎಷ್ಟು ತಾಯಂದಿರಿಗೆ ಹಾಗೆ ಅಂದಿದ್ದೆನೋ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕೊನೆಗೆ ಮಗಳು ಕಿರುಚಿದಳು. ಅವಳಿಗಿಂತ ಜೋರಾಗಿ ನಾನು ಅತ್ತೆ.

ಈಗ ಮತ್ತೆ ಥಿಯೇಟರಿನಲ್ಲಿದ್ದೇನೆ. ಮೊನ್ನೆ ನ್ಯಾಮತಿ ಕಡೆಯ ಹುಡುಗಿಯೊಬ್ಬಳು ಟೇಬಲ್ಲಿನ ಮೇಲಿಂದ, “ಅಕ್ಕಾ, ಕೂಸು ಯಾಕೆ ಅಳ್ತಿಲ್ಲ?” ಎಂದಳು. ಸೂಜಿಯನ್ನು ಡಾಕ್ಟರ ಕೈಗಿಟ್ಟು ಅವಳ ಕಡೆ ತಿರುಗಿದೆ.

“ಬಾಯಿ ಒರೆಸ್ತಾ ಅದಾರೆ ತಾಯಿ. ಕೈಕಾಲು ಆಡಿಸ್ತಾ ಐತೆ. ನಾನು ನೋಡ್ತಾನೇ ಇದೀನಿ.”