ತಲೆಕೆಳಗಾದ ಇನ್‌ಫ್ರಾರೆಡ್ ಗ್ರಾಫ್

ಕೆಮಿಸ್ಟ್ರಿ ಓದಿದ ಗೆಳೆಯರೇ, ಇದನ್ನು ಕೂತುಕೊಂಡೇ ಓದಿ. ಇವತ್ತು ಶಿಕಾರಿಪುರದ ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಟೆಸ್ಟ್ ಇಟ್ಟಿದ್ದೆ. ಎರಡು ಗ್ರಾಫ್ ನೋಡಿ, ಸಾವಯವ ಸಂಯುಕ್ತ ಯಾವುದೆಂದು ಹೇಳಬೇಕು. ಎನ್‌ಎಂಆರ್ ಗ್ರಾಫಿನಲ್ಲಿ ಗೆರೆ ಮೇಲಕ್ಕೆ ಏಳುತ್ತದೆ, ಇನ್‌ಫ್ರಾರೆಡ್‌ನಲ್ಲಿ ಕೆಳಕ್ಕೆ ಇಳಿಯುತ್ತದೆ. ಅದು ಅದರ ಧರ್ಮ.

ಟೆಸ್ಟ್ ಮುಗಿದ ಮೇಲೆ ಪ್ರಶ್ನೆಪತ್ರಿಕೆ ನೋಡುತ್ತೇನೆ, ಎರಡರಲ್ಲೂ ಗೆರೆ ಮೇಲಕ್ಕೇ ಎದ್ದಿದೆ! ಈ ಸಲ ಹೊಸ ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದೆ. ಅಲ್ಲಿಗೆ ಓಡಿದೆ. ಅಂಗಡಿಯವರಿಗೆ ಹೆಮ್ಮೆಯೋ ಹೆಮ್ಮೆ.

“ಒಂದ್ರಾಗೆ ಮ್ಯಾಲೆ, ಒಂದ್ರಾಗೆ ಕೆಳಗೆ ಇತ್ತು ರೀ ಮೇಡಂ. ಅವಸರದಾಗೆ ಉಲ್ಟಾ ಅಂಟಿಸೀರಿ ಅಂತ ನಾನೇ ಕಂಪ್ಯೂಟರ್‌ನಾಗೆ ತಿರುಗಿಸಿ, ನಂಬರೆಲ್ಲ ಹೊಸದಾಗಿ ಟೈಪ್ ಮಾಡೀನಿ. ಅರ್ಧ ಗಂಟೆ ಹಿಡೀತು ನೋಡ್ರಿ.”

ಮತ್ತೆ ಟೆಸ್ಟ್ ಮಾಡಬೇಕಲ್ಲ ಎಂದು ಗೊಣಗುತ್ತ ವಾಪಸ್ ಬಂದು ಉತ್ತರಪತ್ರಿಕೆ ಬಿಡಿಸಿದೆ. ಇಪ್ಪತ್ತೆರಡು ಮಂದಿಯೂ “ಈಥೈಲ್ ಅಸಿಟೇಟ್” ಎಂದು ಬರೆದಿದ್ದಾರೆ. ಸರಿಯುತ್ತರವೇ! “ಇನ್‌ಫ್ರಾರೆಡ್ ಗ್ರಾಫಿನಲ್ಲಿ ಕೆಳಕ್ಕಿಳಿದ ಗೆರೆಯಿಂದ ಇದು ಸ್ಪಷ್ಟವಾಗುತ್ತದೆ” ಎಂಬ ವಿವರಣೆ ಬೇರೆ.

ಜಡೆ ಊರಿನಿಂದ ಬರುವ ಹುಡುಗಿಯೊಬ್ಬಳನ್ನು ಕರೆದೆ. “ಕೆಳಕ್ಕಿಳಿದ ಗೆರೆ ಎಲ್ಲಿದೆಯಮ್ಮಾ, ತೋರಿಸು.”

ಅವಳು ಗ್ರಾಫ್ ನೋಡಿದಳು. ನನ್ನ ಮುಖ ನೋಡಿದಳು. “ಮೇಡಂ, ನೀವು ಪ್ರತಿ ವರ್ಷ ಇದನ್ನೇ ಕೊಡ್ತೀರಲ್ಲ. ನಮ್ಮಕ್ಕನ ಟೈಮಲ್ಲೂ ಇದೇ ಇತ್ತು.”

ನಿಜ. ಎಂಟು ವರ್ಷದಲ್ಲಿ ನಾನು ಬದಲಾಯಿಸಿದ್ದು ಜೆರಾಕ್ಸ್ ಅಂಗಡಿಯನ್ನು ಮಾತ್ರ. ಆ ಗ್ರಾಫನ್ನು ಕಣ್ಣಿಟ್ಟು ನೋಡಿದವರೂ ಆ ಅಂಗಡಿಯವರೊಬ್ಬರೇ.